ಗಂಡನ ಕಡೆಯ ಹುಡುಗಿ

ಹಾರವಾಡ, ಅಂಕೋಲಾ
೧೮ ನವೆಂಬರ್ ೨೦೨೫

ಪ್ರೀತಿಯ ತಂಗಿ ಚಂದನಾ,

ಸಂಜೆ ಆರೂವರೆ. ಬೆಳಿಗ್ಗೆ ಪೇಟೆಯಲ್ಲಿ ಬಂಗಡೆ ಮಾರಿ ಬಂದೆ, ಮಧ್ಯಾಹ್ನ ಆಯಿಯ ಸೀರೆಗಳನ್ನು ಬಿಸಿಲಿಗೆ ಹಾಕಿದೆ. ಆಯಿಯ ಹನ್ನೆರಡನೇ ದಿನದ ಊಟ ಮುಗಿಸಿ ನೀನು ವಾಸ್ಕೋಗೆ ಹೋದಮೇಲೆ ಬರೆಯಲು ಕೂತವಳು ಪ್ರತಿಸಲ ಎದ್ದುಬಿಟ್ಟೆ. ಫೋನಿನಲ್ಲಿ ಹೇಳುವ ಮಾತಲ್ಲ. ಬೇಸರಪಡಬೇಡ. ಮಕ್ಕಳ ಕೆಮ್ಮು ಇಳಿದಿದೆಯೇ?

ಆಯಿಯನ್ನು ನೋಡಿಕೊಳ್ಳಲು ಬರುತ್ತಿದ್ದ ಬಾಳೆಗುಳಿಯ ಕವಿತಾ ನರ್ಸಿಂಗ್ ಕಲಿತವಳೆಂದು ನಿನಗೆ ಗೊತ್ತು. ಕೇರಿಗೆ ಗೊತ್ತಿಲ್ಲ. ಮಗಳಿದ್ದೂ ಸಂಬಳದವರ ಕೈಯಲ್ಲಿ ತಾಯಿಯ ಹುಣ್ಣು ತೊಳೆಸಿದಳು ಅಂದಾರೆಂದು ಹೆದರಿ, ಅವಳನ್ನು ನನ್ನ ಗಂಡನ ಕಡೆಯ ಹುಡುಗಿ ಎಂದೇ ಹೇಳಿದ್ದೆ. ಅವಳೂ ನಕ್ಕು, ನನ್ನನ್ನು ಕಾಕಿ ಎಂದು ಕರೆಯತೊಡಗಿದಳು.

ಮನೆಗೆ ಬಂದು ಆರೈಕೆ ಮಾಡುವವರಿಗೂ ಈಗ ಸರಕಾರದ ನೋಂದಣಿ ಬೇಕಂತೆ. ಕವಿತಾ ಅರ್ಜಿ ಹಾಕಿ, ತಾನು ಕೆಲಸ ಮಾಡಿದ ಮನೆಯೆಂದು ನಮ್ಮದನ್ನು ತೋರಿಸಿದ್ದಳು. ಮೊನ್ನೆ ಶುಕ್ರವಾರ ಕಾರವಾರದಿಂದ ಆರೋಗ್ಯ ಇಲಾಖೆಯ ಮೇಡಂ ವಿಚಾರಿಸಲು ಬಂದರು. ಪಕ್ಕದ ಮನೆಯ ಮಂಜಿ ನಮ್ಮ ಅಂಗಳದಲ್ಲೇ ಸೀಗಡಿ ಸುಲಿಯುತ್ತ ಕೂತಿದ್ದಳು.

"ನಿಮ್ಮ ತಾಯಿಗೆ ಮನೆಯಲ್ಲಿ ನರ್ಸ್ ಇದ್ದರಾ?"

ನಾನು ಬಾಯಿ ತೆರೆಯುವ ಮೊದಲೇ ಮಂಜಿ, "ಎಂಥಾ ನರ್ಸು ಮೇಡಂ? ಇಂಥಾ ಮಗಳಿರೂವಾಗ! ಎಲ್ಲಾ ನಮ್ಮ ಸುಗಂಧಕ್ಕನೇ ಮಾಡಿದ್ದು. ಗಂಡನ ಕಡೆ ಹುಡುಗಿ ಒಂದು ಕೈಯಾಸರೆಗೆ ಬರ್ತಿತ್ತು, ಅಷ್ಟೇಯ" ಎಂದಳು.

"ಹೌದೇನಮ್ಮಾ?" ಮೇಡಂ ನನ್ನ ಮುಖ ನೋಡಿದರು.

"ಹೌದು" ಎಂದುಬಿಟ್ಟೆ.

ನಿನ್ನೆ ಕವಿತಾ ಬಂದಿದ್ದಳು. ಕರೆದರೂ ಮೆಟ್ಟಿಲು ಹತ್ತಲಿಲ್ಲ. "ಸುಳ್ಳು ಮನೆ ತೋರಿಸಿದ್ದೆ ಅಂತ ಅರ್ಜಿ ತೆಗೆದುಹಾಕ್ತಾರಂತೆ, ಕಾಕಿ. ಸುಂಕಸಾಳದ ಅಜ್ಜನ ಮನೆಗೂ ಹೋಗೂದು ಬೇಡ ಅಂದ್ರು. ಆ ಅಜ್ಜನ ಬೆನ್ನು ಹುಣ್ಣಾಗ್ಯದೆ. ಯಾರು ತೊಳೀತಾರೆ?"

ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಆಯಿಯ ಹಾಸಿಗೆ ಇದ್ದ ಮೂಲೆಯನ್ನು ಬಾಗಿಲಿಂದಲೇ ನೋಡಿ ಹೋದಳು.

ನೀನೂ ಮಕ್ಕಳೂ ತಣ್ಣಗಿರಿ. ಆಯಿ ನಿಮ್ಮ ಬೆನ್ನಿಗಿರಲಿ.

ನಿನ್ನ ಅಕ್ಕ,
ಸುಗಂಧಾ

ಇಷ್ಟು ಬರೆದಮೇಲೂ ಒಂದು ಉಳಿದಿದೆ. ಆಯಿಯ ಬಾಯಿಗೆ ಕೊನೆಯ ನೀರು ಹಾಕಿದ್ದು ನಾನೆಂದು ನಿನಗೂ ಹೇಳಿದ್ದೆ. ಆಗ ನಾನು ಪೇಟೆಯಲ್ಲಿ ಮೀನಿನ ಬುಟ್ಟಿಯ ಮುಂದಿದ್ದೆ. ಹಾಕಿದವಳು ಕವಿತಾ. ಆಯಿ ಹೋದದ್ದು ಅವಳ ತೊಡೆಯ ಮೇಲೆ. ನಾನು ಓಡಿ ಬಂದಾಗ, "ನೀವೇ ಹಾಕಿದ್ದು ಅಂತ ಹೇಳಿ ಕಾಕಿ, ನಾ ಯಾರಿಗೂ ಹೇಳೂದಿಲ್ಲ" ಎಂದು ತುಳಸಿ ನೀರಿನ ಲೋಟವನ್ನು ನನ್ನ ಕೈಗೆ ಕೊಟ್ಟಳು. ಇವತ್ತಿನವರೆಗೂ ಅವಳು ಹೇಳಿಲ್ಲ.

ನಾಳೆ ಎಂಟರ ಬಸ್ಸಿಗೆ ಕಾರವಾರದ ಕಚೇರಿಗೆ ಹೋಗುತ್ತೇನೆ. ಮಂಜಿಯನ್ನೂ ಬರಲು ಹೇಳಿದ್ದೇನೆ, ನಾನು ಮೇಡಂಗೆ ಹೇಳುವುದನ್ನು ಅವಳೂ ಕೇಳಲಿ.