‘ಕಳಿಸಿ’ ಅಲ್ಲ, ‘ಕಳಿಸು’

ಜೂನ್ 3, ಮಂಗಳವಾರ

ಬೆಳಿಗ್ಗೆಯಿಂದ ಪ್ರಿಂಟರ್ ಒರೆಸಿದ್ದೇ ಆಯಿತು. ಕೂತಲ್ಲಿ ಕೂರದವಳಿಗೆ ಮಾವ ಇಂಥದ್ದೇ ಕೆಲಸ ಹುಡುಕುತ್ತಾನೆ. ಸ್ಕೂಲು ಬಿಟ್ಟ ಮೇಲೆ ಅವನ ಫೋಟೋ ಅಂಗಡಿಯೇ ಗತಿ.

ಮಧ್ಯಾಹ್ನ ಪಕ್ಕದ ಬೀದಿಯ ಟೈಲರಮ್ಮ ಬಂದರು. ಬಂದದ್ದಲ್ಲ, ನುಗ್ಗಿದ್ದು. ತೀರಿಕೊಂಡ ತಮ್ಮನ ಫೋಟೋ ದೊಡ್ಡದು ಮಾಡಿಸಬೇಕು. ಹಿಂದೆ ಅವನೇ ಮೇಲ್‌ನಲ್ಲಿ ಕಳಿಸಿದ್ದು, ಬೇರೆ ಫೋಟೋ ಇಲ್ಲ. ನಮಗೆ ಎಷ್ಟು ಸಲ ಕಳಿಸಿದರೂ ‘ಬಂದಿಲ್ಲ’ ಎಂದೇ ಉತ್ತರವಂತೆ.

“ಬರ್ಲಿಲ್ಲ ಅಂದ್ರೆ ಸರಿ. ‘ಮತ್ತೆ ಕಳಿಸು’ ಅಂತ ಬರೀತೀಯಲ್ಲ, ನಾನೇನು ನಿನ್ನ ವಾರಿಗೆಯವಳಾ? ‘ಕಳಿಸಿ’ ಅನ್ನೋಕೆ ನಾಲಿಗೆ ಸವೆಯುತ್ತಾ?”

“ನಾನು ಬರ್ದೇ ಇಲ್ಲಮ್ಮ.”

ಮಾವ ಕಣ್ಸನ್ನೆ ಮಾಡಿದ — ಸಾರಿ ಅಂದುಬಿಡು ಎಂದು. ಅನ್ನಲಿಲ್ಲ. ಬರೆಯದ್ದಕ್ಕೆ ಯಾಕೆ ಅನ್ನಲಿ? ಅವರು ಹೋದ ಮೇಲೆ ಶುರು ಮಾಡಿದ. “ಒಂದು ‘ಸಾರಿ’ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?”

ಅಂಗಡಿಯ ಇನ್‌ಬಾಕ್ಸ್ ಜಾಲಾಡಿದೆ. ಸ್ಪ್ಯಾಮ್ ಕೂಡ. ಅವರಿಂದ ಒಂದೂ ಬಂದಿಲ್ಲ. ನಮ್ಮಿಂದ ಒಂದೂ ಹೋಗಿಲ್ಲ.

ಜೂನ್ 4

ನಾನೇ ಟೈಲರಮ್ಮನ ಅಂಗಡಿಗೆ ಹೋದೆ. ಅವರ ಫೋನಿನ ಪರದೆ ಮೂಲೆಯಿಂದ ಕಪ್ಪಾಗುತ್ತಾ ಬಂದಿದೆ, ಹೆಚ್ಚು ದಿನ ಬಾಳದು. ಹೇಗೆ ಕಳಿಸುತ್ತೀರಿ ತೋರಿಸಿ ಎಂದೆ.

ರಿಪ್ಲೈ ಒತ್ತಿದರು!

ಅಷ್ಟೇ ವಿಷಯ. ಒತ್ತಬೇಕಾದ್ದು ಫಾರ್ವರ್ಡ್. ರಿಪ್ಲೈ ಒತ್ತಿದರೆ ಫೋಟೋ ಕಳಚಿಕೊಳ್ಳುತ್ತೆ, ಬರೀ ಅಕ್ಷರ ಹೋಗುತ್ತೆ. ಅದೂ ಅಂಗಡಿಗಲ್ಲ, ಮೊದಲು ಕಳಿಸಿದವರಿಗೇ ಹೋಗುತ್ತೆ... ಎಂದು ವಿವರಿಸುತ್ತಿದ್ದವಳು ನಡುವೆಯೇ ನಿಲ್ಲಿಸಿದೆ.

ಫೋನ್ ಟಿಂಗ್ ಅಂದಿತು. “ಫೋಟೋ ಬಂದಿಲ್ಲ. ಮತ್ತೆ ಕಳಿಸು.”

ಅವರ ಕಾಲು ಮೆಷಿನ್ ಪೆಡಲ್ ಮೇಲೇ ಇತ್ತು. ತುಳಿಯಲಿಲ್ಲ.

ಅದೇ ದಿನ, ಸಂಜೆ

“ಯಾರೋ ಅವನ ಫೋನ್ ಹೊಡ್ಕೊಂಡು ಹುಡುಗಾಟ ಆಡ್ತಿದಾರೆ, ಹಾಗಂತ ಹೇಳು” ಎನ್ನುತ್ತಾನೆ ಮಾವ. ತಮ್ಮ ತೀರಿಕೊಂಡ ಅಪಘಾತದಲ್ಲಿ ಫೋನ್ ಬೈಕಿನ ಜೊತೆಗೇ ಪುಡಿಯಾಯಿತು. ಚೂರುಗಳು ಟೈಲರಮ್ಮನ ಗುಂಡಿ ಡಬ್ಬಿಯಲ್ಲಿವೆ, ನಾನೇ ನೋಡಿದೆ. ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ?

ಜೂನ್ 6

ಮತ್ತೆ ಹೋದೆ. “ಇವತ್ತೇ ಫಾರ್ವರ್ಡ್ ಮಾಡಿಬಿಡಿ ಅಮ್ಮ. ಪಾಸ್‌ವರ್ಡೂ ನೆನಪಿಲ್ಲ ಅಂತೀರಿ, ಈ ಫೋನ್ ಸತ್ರೆ ನಿಮ್ಮ ತಮ್ಮನ ಮುಖಾನೂ ಹೋಗುತ್ತೆ.”

ಫೋನನ್ನು ಮಡಿಲಿಗೆ ಎಳೆದುಕೊಂಡರು. “ಫೋಟೋ ಸೇರಿದ ಮೇಲೆ ಅವನು ಮತ್ತೆ ಕೇಳ್ತಾನಾ?”

“ಯಾರು?”

“ಬೀದಿಗೆಲ್ಲ ನಾನು ‘ಬನ್ನಿ ಅಮ್ಮ, ಹೋಗಿ ಅಮ್ಮ’. ನನಗೆ ‘ಕಳಿಸು’ ಅನ್ನೋರು ಇನ್ಯಾರಿದ್ದಾರೆ ಹೇಳು.”

ಕೇಳ್ತಿರೋದು ನಿಮ್ಮ ತಮ್ಮನೇ ಅಂತ ಹೇಳೋಕಾಗಲ್ಲ ಎಂದೆ.

“ಅಲ್ಲ ಅಂತ ಹೇಳ್ತೀಯಾ?”

ಅದೂ ಆಗಲಿಲ್ಲ.

ಮತ್ತೆ ರಿಪ್ಲೈ ಒತ್ತಿದರು. ಎಳೆ ಹುಡುಗಿಯ ಹಾಗೆ ನಗುತ್ತಾ. ನಾನು ಎದ್ದೆ. ಬಾಗಿಲು ದಾಟುವಾಗ ಟಿಂಗ್. ಅವರು ಗಟ್ಟಿಯಾಗಿ ಓದಿದರು —

“ನೀನೇ ತಗೊಂಡು ಬಾ.”

ಜೂನ್ 9

ಟೈಲರಮ್ಮನ ಅಂಗಡಿ ಮುಚ್ಚಿದೆ. ಗಾಜಿನಿಂದ ಇಣುಕಿದೆ. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಹಾಗೇ ಇದೆ.

“ನೆಂಟರ ಮನೆಗೆ ಹೋಗಿರ್ತಾರೆ ಬಿಡೇ.”

“ಅವರಿಗೆ ನೆಂಟರು ಯಾರಿದ್ದಾರೆ ಮಾವ?”

ಮಾವ ಒರೆಸುವ ಬಟ್ಟೆ ನನ್ನ ಕೈಗಿತ್ತು ಪ್ರಿಂಟರ್ ತೋರಿಸಿದ.

ಜೂನ್ 16, ಬೆಳಿಗ್ಗೆ

ಅಂಗಡಿಯ ಮೇಲ್ ತೆರೆದೆ. ಟೈಲರಮ್ಮನ ತಮ್ಮನ ವಿಳಾಸದಿಂದ ಒಂದು ಬಂದಿದೆ. ಮೇಲೆ ‘ಫಾರ್ವರ್ಡ್’ ಅಂತಿದೆ. ಸರಿಯಾದದ್ದನ್ನೇ ಒತ್ತಿದ್ದಾರೆ. ಫೋಟೋ ಲಗತ್ತಿಸಿದ ಕ್ಲಿಪ್ ಗುರುತೂ ಇದೆ. ಒಂದೇ ಸಾಲು —

“ಅಕ್ಕ ಬಂದಳು. ಇಬ್ಬರದ್ದೂ ದೊಡ್ಡದು ಮಾಡಿಡು.”

“ತೆಗೀಬೇಡ ಕಣೇ” ಎಂದ ಮಾವ. ಅವನ ದನಿ ಹೀಗಿದ್ದದ್ದು ನಾನು ಕೇಳಿಯೇ ಇಲ್ಲ. ಸುಮ್ಮನಿರಲು ನನಗೆ ಬರುವುದಿಲ್ಲ. ಒತ್ತಿದೆ. ನೆಟ್ ನಿಧಾನ. ಮೇಲಿನಿಂದ ಸ್ವಲ್ಪ ಸ್ವಲ್ಪವೇ ಮೂಡುತ್ತಿದೆ. ಕಾಯುತ್ತಾ ಬರೆಯುತ್ತಿದ್ದೇನೆ.

ಒಂದು ಗೋಡೆ. ಟೈಲರಮ್ಮನ ಬೈತಲೆ. ಹಣೆ. ಕಣ್ಣು... ನಗುತ್ತಿದ್ದಾರೆ. ಅವರ ಪಕ್ಕದಲ್ಲಿ ಇನ್ನೊಂದು ತಲೆ. ಅದರ ಹಣೆ ಮೂಡಿತು. ಕಣ್ಣು ಇರಬೇಕಾದ ಕಡೆ —