ಹದಿಮೂರು ತೋಟಾಗಳು

ಫೇರ್‌ಬ್ಯಾಂಕ್ಸ್, ಅಲಾಸ್ಕಾ
೪ ಮಾರ್ಚ್ ೧೯೫೭

ಪ್ರೀತಿಯ ಹಾರ್ಲನ್,

ನೀನು, ವರ್ನಾ, ಪುಟ್ಟ ಬೆಟ್ಸಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಪತ್ರ ತಡವಾಯಿತು, ಬೈಯಬೇಡ. ಹಿಮಕ್ಕೆ ಸತ್ತ ಎರಡು ಬೆರಳನ್ನು ಡಾಕ್ಟರು ತೆಗೆದರು. ಅಕ್ಷರ ತಿದ್ದುವ ಮಗುವಿನ ಹಾಗೆ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಎಲ್ಲರೂ ಬಂದುಹೋದರು. ವಾಯುನೆಲೆಯ ನಿನ್ನ ಉಗ್ರಾಣದಿಂದ ಇಲ್ಲಿಗೆ ಹತ್ತು ನಿಮಿಷದ ನಡಿಗೆ. ನೀನೊಬ್ಬ ಬರಲಿಲ್ಲ.

ವಿಮಾನ ಬಿದ್ದಾಗ ಉಳಿದದ್ದು ನಾನು ಮತ್ತು ಲಿಂಡ್‌ಕ್ವಿಸ್ಟ್. ಅವನ ಕಾಲು ಮುರಿದಿತ್ತು. ಆಪತ್ತಿನ ಪೆಟ್ಟಿಗೆ ಸಿಕ್ಕಿದಾಗ, "ಹಾರ್ಲನ್ ಕಟ್ಟಿದ್ದು ಕಣೋ, ಊಟದ ಚಿಂತೆ ಬಿಡು" ಎಂದು ನಕ್ಕ. ಹಾರುವ ಮುಂಚೆ ನಾವ್ಯಾರೂ ಪೆಟ್ಟಿಗೆ ಬಿಚ್ಚಿ ನೋಡುವುದಿಲ್ಲವಲ್ಲ. ಕಟ್ಟಿದವನ ಸಹಿ, ಸೀಸದ ಸೀಲು ಇದ್ದರೆ ಸಾಕು.

ಮೂರನೆಯ ದಿನ ಬಿಸ್ಕತ್ತು ಮುಗಿಯಿತು. ಹತ್ತು ಹೆಜ್ಜೆ ದೂರದಲ್ಲಿ ಒಂದು ಮೊಲ ಬಂದು ಕೂತಿತು. ಪೆಟ್ಟಿಗೆಯಲ್ಲಿದ್ದ ಮಡಚುವ ಬಂದೂಕು ಬಿಡಿಸಿ, ತೋಟಾ ಇಡುವ ಹಿಡಿಯ ಮುಚ್ಚಳ ತೆಗೆದೆ. ಗುಂಡಿನವು ಒಂಬತ್ತು, ಸಣ್ಣ ಸೀಸದ ಚರೆಯವು ನಾಲ್ಕು. ಹದಿಮೂರೂ ಸುಟ್ಟ ಖಾಲಿ ತೋಟಾಗಳು.

"ಹೊಡಿಯೋ! ಏನ್ ಕಾಯ್ತಿದ್ದೀಯ?" ಎಂದು ಲಿಂಡ್ ಪಿಸುಗುಟ್ಟಿದ.

"ಬಂದೂಕು ಹೆಪ್ಪುಗಟ್ಟಿದೆ" ಎಂದೆ. ನಿನ್ನನ್ನು ಅಷ್ಟು ನಂಬಿದವನಿಗೆ ಇನ್ನೇನು ಹೇಳಲಿ? ಆಮೇಲೆ ಅವನು ಅದನ್ನು ತನ್ನ ಕೋಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದ. ಒಂಬತ್ತನೆಯ ದಿನ ಅದನ್ನು ತಬ್ಬಿಕೊಂಡೇ ಹೋದ. ಹನ್ನೊಂದನೆಯ ದಿನ ಹೆಲಿಕಾಪ್ಟರ್ ಬಂತು.

ನೀವು ಉಗ್ರಾಣದವರು ಬೇಟೆಗೆ ತೋಟಾ ಕದ್ದು ಆ ಜಾಗದಲ್ಲಿ ಖಾಲಿಯವನ್ನು ಇಡುವುದು, ತಿಂಗಳ ಕೊನೆಗೆ ಹೊಸದು ಬಂದಾಗ ತುಂಬಿಡುವುದು ನನಗೂ ಗೊತ್ತಿತ್ತು. ನಾನೂ ಕಣ್ಣು ಮುಚ್ಚಿಕೊಂಡಿದ್ದೆ. ಆದರೆ ಒಂದನ್ನಾದರೂ ಬಿಡಬಾರದಿತ್ತೇ, ಹಾರ್ಲನ್?

ಗುರುವಾರ ವಿಚಾರಣೆ. ಬಂದೂಕಿದ್ದೂ ಯಾಕೆ ಉಪವಾಸ ಬಿದ್ದಿರಿ ಎಂದು ಕೇಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ. ಅಷ್ಟರೊಳಗೆ ನೀನೇ ಹೋಗಿ ಹೇಳು.

ವರ್ನಾಗೆ ದೇವರು ಧೈರ್ಯ ಕೊಡಲಿ. ಬೆಟ್ಸಿಗೆ ನನ್ನದೊಂದು ಮುತ್ತು.

ನಿನ್ನ,
ಎಲ್ವುಡ್

ಮರೆತಿದ್ದೆ: ಹೊರಡುವ ಹಿಂದಿನ ಭಾನುವಾರ ನಿನ್ನ ಮನೆಯಲ್ಲಿ ಮೊಲದ ಸಾರು ಉಂಡೆವಲ್ಲ. ಲಿಂಡ್‌ನ ಹಲ್ಲಿಗೆ ಒಂದು ಚರೆ ಸಿಕ್ಕಿ, "ಎಲ್ಲಿ ಹೊಡೆದ್ಯೋ ಇದನ್ನ?" ಎಂದಾಗ, ನೀನು "ತಾನಾಗೇ ಬಂದು ಪಾತ್ರೆಗೆ ಬಿತ್ತಪ್ಪ" ಎಂದೆ. ಎಲ್ಲರೂ ನಕ್ಕೆವು. ಹೆಂಡತಿಗೆ ತೋರಿಸುತ್ತೇನೆಂದು ಅವನು ಆ ಚರೆಯನ್ನು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡಿದ್ದ. ಸತ್ತಾಗಲೂ ಜೇಬಿನಲ್ಲೇ ಇತ್ತು. ಪೆಟ್ಟಿಗೆಯ ಮೇಲೆ ನಮ್ಮ ವಿಮಾನದ ಸಂಖ್ಯೆ ಬರೆದವನು ನೀನೇ. ಅದರ ತೋಟಾಗಳು ಖಾಲಿಯೆಂದು ಗೊತ್ತಿದ್ದೂ ನೀನು ಅವನಿಗೆ ಇನ್ನೊಂದು ಸೌಟು ಬಡಿಸಿದೆ.