ನನ್ನ ಪಾಲಕನ ರುಜುವಿನ ವಿಚಾರ

ಮಹಿಳೆಯರ ಪ್ರಯಾಣ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳೇ,

ಪರದೇಶದಲ್ಲಿರುವ ನನ್ನ ಮಗಳಿಗೆ ಇನ್ನು ಹದಿನೆಂಟು ದಿನಕ್ಕೆ ಹೆರಿಗೆ. ಚೊಚ್ಚಲು. ಅವಳ ಬಳಿಗೆ ಹೋಗಲು ನಾನು ಹಾಕಿದ್ದ ಅರ್ಜಿಯನ್ನು ಮೊನ್ನೆ ನಿಮ್ಮ ಕಚೇರಿ ತಿರಸ್ಕರಿಸಿದೆ. ಕಾರಣ: ಪಾಲಕರ ರುಜು ತಾಳೆಯಾಗಿಲ್ಲ.

ನನಗೆ ಐವತ್ತೆಂಟು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿದವಳು. ಯಜಮಾನರು ತೀರಿಹೋದ ಮೇಲೆ, ಹೆಂಗಸರು ದಾರಿ ತಪ್ಪದಿರಲೆಂದು ಧರ್ಮದ ಹೆಸರಿನಲ್ಲಿ ತಾವು ಮಾಡಿರುವ ಏರ್ಪಾಡಿನಂತೆ, ನನಗಿಂತ ಹನ್ನೆರಡು ವರ್ಷ ಚಿಕ್ಕವನಾದ ತಮ್ಮ ನನ್ನ ಪಾಲಕನಾದ. ಅವನ ಮೂಗು ಒರೆಸಿ ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನೇ. ಇರಲಿ. ಪ್ರವಾದಿಯವರ ಮೊದಲ ಮಡದಿ ದೊಡ್ಡ ವ್ಯಾಪಾರ ನಡೆಸುತ್ತಿದ್ದರೆಂದು ನಮ್ಮ ಮಸೀದಿಯ ಗುರುಗಳು ಹೆಮ್ಮೆಯಿಂದ ಹೇಳುತ್ತಾರೆ. ಆ ತಾಯಿ ನಿಮ್ಮ ಯಾವ ಕಿಟಕಿಯಲ್ಲಿ ಅರ್ಜಿ ಹಾಕಿದ್ದರೋ, ಕಡತ ತೆಗೆಸಿ ನೋಡಿ.

ಈಗ ರುಜುವಿಗೆ ಬರುತ್ತೇನೆ. ತಮ್ಮನದು ಟೈರ್ ಅಂಗಡಿ. ಚಕ್ರ ಬಿಚ್ಚುವುದರಲ್ಲಿ ಎತ್ತಿದ ಕೈ, ಪೆನ್ನು ಹಿಡಿದರೆ ಬೆವರುತ್ತಾನೆ. "ಅಕ್ಕ, ನೀನೇ ಗೀಚ್ಬಿಡು" ಎಂದು ಅಂಗಡಿಯ ಪರವಾನಗಿಯಿಂದ ಹಿಡಿದು ಮಕ್ಕಳ ಅಂಕಪಟ್ಟಿಯವರೆಗೆ ಅವನ ರುಜುವನ್ನೆಲ್ಲ ನನ್ನಿಂದಲೇ ಹಾಕಿಸಿದ್ದಾನೆ. ನಾಲ್ಕು ವರ್ಷದ ಹಿಂದೆ ನಿಮ್ಮ ಪಾಲಕರ ನಮೂನೆ ಮನೆಗೆ ಬಂದಾಗಲೂ ಅದೇ ಕಥೆ. ಈ ಸಲ ಪಾಲಕರು ಖುದ್ದಾಗಿ ಬಂದು ರುಜು ಹಾಕಬೇಕೆಂದಿರಿ. ಪಾಪ, ನಾಲಗೆ ಕಚ್ಚಿಕೊಂಡು ಹಾಕಿದ. ನಿಮ್ಮ ಗುಮಾಸ್ತರು ಕನ್ನಡಕ ಏರಿಸಿ ಹಳೆಯದನ್ನೂ ಹೊಸದನ್ನೂ ನೋಡಿದರು.

"ಇದು ನಿಮ್ಮ ರುಜು ಅಲ್ಲ."

"ನಾನೇ ಹಾಕಿದ್ನಲ್ಲ ಸಾರ್, ನಿಮ್ಮೆದುರಿಗೇ."

"ಅದೆಲ್ಲ ಬೇಡ. ಹೋಗಿ, ನಿಜವಾದ ಪಾಲಕರನ್ನ ಕರ್ಕೊಂಡ್ ಬನ್ನಿ."

ನಿಜವಾದ ಪಾಲಕರು ಪರದೆಯಾಚೆ ಹೆಂಗಸರ ಬೆಂಚಿನ ಮೇಲೆ, ಬುರ್ಖಾದೊಳಗೆ ನಗು ತಡೆಯಲಾರದೆ ಕೂತಿದ್ದರು, ಮಾನ್ಯರೇ. ಮನೆಗೆ ಬಂದ ಮೇಲೆ ಅಳು ಬಂತು. ಮಗಳು ಫೋನಿನಲ್ಲಿ "ಬರ್ತೀಯಲ್ಲಮ್ಮ? ನಂಗೆ ಹೆದರಿಕೆ ಆಗ್ತಿದೆ" ಎಂದಳು. ಅವಳಿಗೆ ಏನು ಹೇಳಲಿ, ನಿನ್ನ ಸೋದರಮಾವನ ಅಕ್ಷರ ಚೆನ್ನಾಗಿಲ್ಲ ಅಂತಲೇ?

ನನ್ನ ಬೇಡಿಕೆ ಇಷ್ಟೇ. ನಾಲ್ಕು ವರ್ಷದಿಂದ ನಿಮ್ಮ ಕಚೇರಿ ಒಪ್ಪಿ ಮೊಹರು ಒತ್ತುತ್ತಿರುವ ಪಾಲಕಿ ನಾನೇ. ನನಗೆ ನಾನು ಸಂತೋಷದಿಂದ ಅನುಮತಿ ಕೊಟ್ಟಿದ್ದೇನೆ. ಈ ವಾರದೊಳಗೆ ಪರವಾನಗಿ ಕೊಡಿ. ಇಲ್ಲ, ಇದು ಖೋಟಾ ರುಜು, ಅಪರಾಧ ಎನ್ನುವುದಾದರೆ ಹಿಡಿದು ಒಳಗೆ ಹಾಕಿಸಿ. ಜೈಲಿಗೆ ಹೋಗಲು ಹೆಂಗಸಿಗೆ ಪಾಲಕರ ರುಜು ಬೇಕಿಲ್ಲವಂತೆ, ವಿಚಾರಿಸಿದ್ದೇನೆ. ಅಲ್ಲಿಗಾದರೆ ನನ್ನ ಹೆಸರೊಂದೇ ಸಾಕಂತೆ.

ಇಂತಿ,
ಪ್ರಾಪ್ತ ವಯಸ್ಸಿಗೆ ಬರುವ ಮೊದಲೇ ಅಜ್ಜಿಯಾಗಲಿರುವ
ಒಬ್ಬ ನಿವೃತ್ತ ಗಣಿತ ಶಿಕ್ಷಕಿ